ತಾರಸಿ ಸೋಲಾರ್ ಎಷ್ಟು ಇಂಗಾಲ ತಡೆಯಿತು? ಲೆಕ್ಕ ಹಾಕುವುದು ಹೀಗೆ

ಸೋಲಾರ್ ಹಾಕಿಸಿದವರನ್ನು ‘ಇದರಿಂದ ಎಷ್ಟು ಇಂಗಾಲ ಕಡಿಮೆಯಾಯಿತು?’ ಎಂದು ಕೇಳಿ ನೋಡಿ. ಮೊಬೈಲ್ ತೆಗೆದು ಆ್ಯಪ್‌ನಲ್ಲಿರುವ ಮರಗಳ ಚಿತ್ರ ತೋರಿಸುತ್ತಾರೆ. ಇಷ್ಟು ಮರ ನೆಟ್ಟಷ್ಟು ಪುಣ್ಯವಂತೆ! ಯಾವ ಮರ, ಎಷ್ಟು ವರ್ಷದ್ದು ಎಂದು ಕೇಳಿದರೆ ಉತ್ತರವಿಲ್ಲ. ಅದನ್ನು ಬದಿಗಿಡಿ. ಒಂದು ಪೆನ್ನು, ಕರೆಂಟ್ ಬಿಲ್ಲು ಹಿಡಿದು ಕೂತರೆ ಸಾಕು.

ಹಂತ 1: ಕಿಲೋವ್ಯಾಟ್ ಬಿಡಿ, ಯೂನಿಟ್ ಹಿಡಿಯಿರಿ. ಕಿಲೋವ್ಯಾಟ್ ಪ್ಯಾನೆಲ್‌ನ ತಾಕತ್ತು ಮಾತ್ರ. ಅದು ದುಡಿದದ್ದು ಎಷ್ಟು ಅಂತ ಹೇಳುವುದು ಯೂನಿಟ್. ದೇಶದ ಲೆಕ್ಕದಲ್ಲೂ ಜನ ಇಲ್ಲೇ ಮೋಸ ಹೋಗುತ್ತಾರೆ. 2025ರಲ್ಲಿ ಭಾರತದ ವಿದ್ಯುತ್ ಸಾಮರ್ಥ್ಯದ ಅರ್ಧ ಭಾಗ ಸೋಲಾರ್, ಗಾಳಿ, ಜಲ, ಅಣು ಇಂಥವುಗಳದ್ದಾಯಿತು. ಆದರೆ ನಾವು ಬಳಸುವ ಯೂನಿಟ್‌ಗಳಲ್ಲಿ ಹೆಚ್ಚಿನವು ಈಗಲೂ ಕಲ್ಲಿದ್ದಲಿನವೇ.

ಹಂತ 2: ಸರಿಯಾದ ಯೂನಿಟ್ ಆರಿಸಿ. ಎಲ್ಲರೂ ಎಡವುವುದು ಇಲ್ಲಿ. ನೆಟ್ ಮೀಟರ್‌ನಲ್ಲಿ ಎರಡು ಅಂಕಿ ಇರುತ್ತವೆ: ಗ್ರಿಡ್‌ನಿಂದ, ಅಂದರೆ ವಿದ್ಯುತ್ ಜಾಲದಿಂದ, ನೀವು ಪಡೆದದ್ದು ಇಂಪೋರ್ಟ್, ಅದಕ್ಕೆ ನೀವು ಕೊಟ್ಟದ್ದು ಎಕ್ಸ್‌ಪೋರ್ಟ್. ಈ ತಿಂಗಳು ಇಂಪೋರ್ಟ್ 150, ಎಕ್ಸ್‌ಪೋರ್ಟ್ 210 ಅಂತಿಟ್ಟುಕೊಳ್ಳಿ. ಒಬ್ಬರು 210 ಅನ್ನುತ್ತಾರೆ. ಇನ್ನೊಬ್ಬರು ಕಳೆದು ಬರೀ 60 ಅನ್ನುತ್ತಾರೆ. ಎರಡೂ ತಪ್ಪು. ಹಗಲು ನಿಮ್ಮ ಫ್ರಿಜ್, ಮಿಕ್ಸಿ, ಫ್ಯಾನ್ ನೇರವಾಗಿ ಪ್ಯಾನೆಲ್‌ನಿಂದ ಎಳೆದುಕೊಂಡ ಕರೆಂಟ್ ಈ ಮೀಟರ್‌ ಕಣ್ಣಿಗೆ ಬೀಳುವುದೇ ಇಲ್ಲ. ಅದು ಸಿಗುವುದು ಇನ್ವರ್ಟರ್‌ನ ಪರದೆಯಲ್ಲಿ ಅಥವಾ ಸೋಲಾರ್ ಮೀಟರ್‌ನಲ್ಲಿ. ಅಲ್ಲಿ ತಿಂಗಳ ಉತ್ಪಾದನೆ 330 ಎಂದಿದ್ದರೆ ಲೆಕ್ಕಕ್ಕೆ ಬೇಕಾದ ಸಂಖ್ಯೆ 330. ಬಿಲ್ ಆದ ದಿನವೇ ಇದನ್ನೂ ಬರೆದಿಟ್ಟುಕೊಳ್ಳಿ. ದಿನ ತಪ್ಪಿದರೆ ಎರಡೂ ತಾಳೆಯಾಗುವುದಿಲ್ಲ.

ನಮ್ಮ ಕಡೆ ನೆರಳಿಲ್ಲದ ತಾರಸಿಯಲ್ಲಿ ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್ ಬರಬೇಕು. ಬೇಸಿಗೆಯಲ್ಲೂ ತೀರಾ ಕಡಿಮೆಯಿದ್ದರೆ ಧೂಳು ಒರೆಸಿ, ನೀರಿನ ಟ್ಯಾಂಕಿನ ನೆರಳು ಬೀಳುತ್ತಿದೆಯಾ ನೋಡಿ.

ಹಂತ 3: 0.7ರಿಂದ ಗುಣಿಸಿ. ನಮ್ಮ ಗ್ರಿಡ್‌ನ ಒಂದು ಯೂನಿಟ್ ಹಿಂದೆ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ ಈ ಅಂಕಿಯನ್ನು ಪ್ರಕಟಿಸುತ್ತದೆ. 330 ಯೂನಿಟ್‌ಗೆ 231 ಕಿಲೋ ಆಯಿತು. ಪ್ಯಾನೆಲ್ ತಯಾರಿಸುವಾಗಲೂ ಇಂಗಾಲ ಹೊರಬಿದ್ದಿರುತ್ತದೆ. ಅದಕ್ಕೆಂದು ಯೂನಿಟ್‌ಗೆ 40 ಗ್ರಾಂನಷ್ಟು ಕಳೆಯಿರಿ, 13 ಕಿಲೋ ಹೋಗಿ ಸುಮಾರು 218 ಕಿಲೋ ಉಳಿಯುತ್ತದೆ. ಆ ತಿಂಗಳು ನೀವು ತಡೆದದ್ದು ಇಷ್ಟು.

ಹಂತ 4: ಬಳಸುವ ಹೊತ್ತು ಬದಲಿಸಿ. ಇದು ಲೆಕ್ಕವಲ್ಲ, ಆದರೂ ಬಿಡಬೇಡಿ. ಕಲ್ಲಿದ್ದಲಿನ ಸ್ಥಾವರವನ್ನು ಗ್ಯಾಸ್ ಒಲೆಯಂತೆ ಬೇಕೆಂದಾಗ ಆರಿಸಿ, ಹೊತ್ತಿಸಲು ಆಗುವುದಿಲ್ಲ. ಬಿಸಿಲು ಜಾಸ್ತಿ ಇದ್ದಾಗ ಅದರ ಉತ್ಪಾದನೆಯನ್ನು ಸಾಮರ್ಥ್ಯದ 55%ವರೆಗೆ ಇಳಿಸಬಹುದು, ಅದಕ್ಕಿಂತ ಕೆಳಗೆ ಇಳಿಸುವುದು ಕಷ್ಟ. ಸಂಜೆ ಎಲ್ಲರೂ ಸ್ವಿಚ್ ಒತ್ತಿದಾಗ ಮತ್ತೆ ಏರಿಸಲೇಬೇಕು. ಆಗ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಕೂಡ ನೆರವಿಗೆ ಬರುವುದಿಲ್ಲ. ಗಾಳಿ ಬೇಕಾಗುವುದು ಇದಕ್ಕೇ. ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ರಾತ್ರಿಯೂ ತಿರುಗುತ್ತವೆ. ಮೋಡ ಕವಿದು ಪ್ಯಾನೆಲ್ ಮಂಕಾಗುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೇ ಅವುಗಳ ಸುಗ್ಗಿ.

ಆದ್ದರಿಂದ ವಾಷಿಂಗ್ ಮಷಿನ್, ಬೋರ್‌ವೆಲ್ ಪಂಪು, ಇಸ್ತ್ರಿ ಎಲ್ಲವನ್ನೂ ಬೆಳಗ್ಗೆ 10ರಿಂದ ಮಧ್ಯಾಹ್ನ 3ರೊಳಗೆ ಮುಗಿಸಿ. ಗೀಸರ್‌ಗೆ ಸಂಜೆ ಕೈ ಹಾಕಲೇಬೇಡಿ. ಇದಕ್ಕಾಗಿ ಬ್ಯಾಟರಿ ಕೊಳ್ಳಿ ಎಂದು ಅಂಗಡಿಯವರು ಹೇಳಬಹುದು. ಕರೆಂಟ್ ಪದೇಪದೇ ಹೋಗುವ ಊರಾದರೆ ಕೊಳ್ಳಿ, ಇಲ್ಲದಿದ್ದರೆ ಬೇಡ.