ಗೇಟಿನ ಆಚೆ ಹೋದ ಮಾಲು

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಚಿಕ್ಕ ಮಷಿನ್ ಶಾಪ್ ಇದೆ. ಎರಡು ಸಿಎನ್‌ಸಿ (ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕತ್ತರಿಸುವ ಮಷಿನ್), ಅಪ್ಪನ ಕಾಲದ ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷಿನ್. ಎಲ್ಲ ಸೇರಿ 14 ಜನ. ಪಿನ್ನು, ಬುಷ್ಷು, ಸ್ಪೇಸರು ಮಾಡಿ ಕೊಡುತ್ತೇವೆ. ಬಿಕಾಂ ಮುಗಿಸಿ ನಾನು ಬಂದು ಕೂತಾಗ ಅಪ್ಪ ಹೇಳಿದ್ದು ಒಂದೇ ಮಾತು: "ಮಷಿನ್ ನಾನು ನೋಡ್ಕೋತೀನಿ, ಲೆಕ್ಕ ನೀನು ನೋಡ್ಕೋ ಮಗಳೇ." ಲೆಕ್ಕ ಅಂದರೆ ದುಡ್ಡಿನ ಲೆಕ್ಕ ಅಂತ ತಿಳಿದಿದ್ದೆ. ಅದಕ್ಕಿಂತ ಮೊದಲು ಮಾಲಿನ ಲೆಕ್ಕ ಇದೆ ಅಂತ ಅರ್ಥವಾಗಿದ್ದು ಒಂದು ಫೋನ್ ಬಂದ ಮೇಲೆ.

ಅವತ್ತು ಶನಿವಾರ. 2,000 ಪಿನ್ನಿನ ಆರ್ಡರ್‌ನಲ್ಲಿ 1,400 ಕಳಿಸಿದ್ದೆವು. ಗಿರಾಕಿ ಫೋನ್ ಮಾಡಿ ಉಳಿದ 600 ಎಲ್ಲಿ ಅಂತ ಕೇಳಿದರು. "ಹತ್ತು ನಿಮಿಷ ಕೊಡಿ ಸರ್" ಅಂದೆ. ಸ್ಟೋರಿನ ಅಣ್ಣನನ್ನು ಕೇಳಿದರೆ "ಗ್ರೈಂಡಿಂಗಿಗೆ ಹೋಗಿರಬೇಕಮ್ಮ" ಅಂದರು. ಸೂಪರ್‌ವೈಸರ್ "ಅದು ಬಂದಾಯ್ತಲ್ಲ" ಅಂದರು. ಗ್ರೈಂಡಿಂಗ್‌ನವರು ಕೊಟ್ಟಾಯ್ತು ಅಂತ ಸಹಿ ತೋರಿಸಿದರು. ಕೊನೆಗೆ ಮಧ್ಯಾಹ್ನ ಎರಡೂವರೆಗೆ ರಾಜಗೋಪಾಲನಗರದ ಒಂದು ಪ್ಲೇಟಿಂಗ್ (ಪಿನ್ನಿನ ಮೇಲೆ ಜಿಂಕ್, ಅಂದರೆ ಸತುವಿನ ಲೇಪ ಹಾಕುವ) ಶೆಡ್ಡಿನ ಮೂಲೆಯಲ್ಲಿ, ಗೋಣಿಚೀಲದ ಕೆಳಗೆ, ಆ 600 ಪಿನ್ನು ಸಿಕ್ಕಿತು. 38 ದಿನದಿಂದ ಅಲ್ಲೇ ಇತ್ತು. ಮೇಲೆ ಸಣ್ಣಗೆ ತುಕ್ಕು ಬಂದಿತ್ತು.

ಪ್ಲೇಟಿಂಗ್‌ನವರು ಯಾಕೆ ಕೈ ಹಾಕಿರಲಿಲ್ಲ ಗೊತ್ತಾ? ಮಾಲಿನ ಜೊತೆ ಕಳಿಸೋ ನಮ್ಮ ಚಲನ್‌ನಲ್ಲಿ "ಪ್ಲೇಟಿಂಗ್" ಅಂತ ಮಾತ್ರ ಬರೆದಿತ್ತು. ಹಳದಿ ಜಿಂಕಾ, ಬಿಳಿ ಜಿಂಕಾ ಅಂತ ಇರಲಿಲ್ಲ. ಅವರು ಫೋನ್ ಮಾಡಿ ಕೇಳಿದ್ದರು. ನಮ್ಮಲ್ಲಿ ಯಾರೋ ಎತ್ತಿ "ಕೇಳಿ ಹೇಳ್ತೀನಿ" ಅಂದಿದ್ದರು. ಅಷ್ಟೇ. ಮಾಲು ಎಲ್ಲೂ ಕಳೆದಿರಲಿಲ್ಲ. ಕಳೆದಿದ್ದು ಮಾಹಿತಿ.

ಇದಾದ ಮೇಲೆ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಸಾಫ್ಟ್‌ವೇರ್ ಕೊಂಡೆ. ಡೆಮೋದಲ್ಲಿ ಬಹಳ ಚೆನ್ನಾಗಿ ಕಂಡಿತ್ತು. ಮೂರು ತಿಂಗಳಲ್ಲಿ ಅದರ ಮುಂದೆ ಕೂರೋರೇ ಇಲ್ಲ. ಸಂಜೆ ನಾನೊಬ್ಬಳೇ ಕೂತು ಇಡೀ ದಿನದ ಚೀಟಿ ತುಂಬಿಸುತ್ತಿದ್ದೆ. ಆ ಚೀಟಿಗಳು ಕಾರ್ಬನ್ ಕಾಪಿ. ಅದರ ಮೇಲೆ ಕೂಲೆಂಟ್ ಎಣ್ಣೆ. 240 ಅಂತ ಬರೆದಿದ್ದಾರಾ, 340 ಅಂತಾನಾ ಅಂತ ಟ್ಯೂಬ್‌ಲೈಟಿಗೆ ಹಿಡಿದು ನೋಡಬೇಕಿತ್ತು. ನಾನು ಊಹೆ ಮಾಡಿ 340 ಅಂತ ಹಾಕಿದರೆ ಕಂಪ್ಯೂಟರ್ ಬೇಡ ಅನ್ನುತ್ತದಾ? ಅದು ಅಚ್ಚುಕಟ್ಟಾಗಿ ಪ್ರಿಂಟ್ ತೆಗೆದು ಕೊಡುತ್ತದೆ. ಪ್ರಿಂಟ್ ಆದ ತಪ್ಪನ್ನು ಜನ ಜಾಸ್ತಿ ನಂಬುತ್ತಾರೆ. ಅದು ಇನ್ನೂ ಅಪಾಯ.

ಆಗ ಕಾಲೇಜಿನ ಒಂದು ಪೇಪರ್ ನೆನಪಾಯಿತು. ಸಿಸ್ಟಮ್, ಇನ್‌ಪುಟ್, ಪ್ರೋಸೆಸ್, ಔಟ್‌ಪುಟ್, ಫೀಡ್‌ಬ್ಯಾಕ್, ಬೌಂಡರಿ ಅಂತ ಬಾಯಿಪಾಠ ಮಾಡಿ ಬರೆದಿದ್ದ ಪೇಪರ್. ಹಳೆ ನೋಟ್ಸ್ ತೆಗೆದು ಓದಿದೆ. ಈ ಸಲ ಪರೀಕ್ಷೆ ಇರಲಿಲ್ಲ, 600 ಪಿನ್ನು ಇತ್ತು. ಹಾಗಾಗಿ ಪ್ರತಿ ಪದವೂ ಬೇರೆ ಥರ ಕಂಡಿತು.

ಸಿಸ್ಟಮ್ ಅಂದರೆ ಕಂಪ್ಯೂಟರ್ ಅಲ್ಲ. ಬೇರೆ ಬೇರೆ ಭಾಗಗಳು ಒಂದು ಕೆಲಸಕ್ಕಾಗಿ ಒಂದಕ್ಕೊಂದು ಕೊಂಡಿ ಹಾಕಿಕೊಂಡಿದ್ದರೆ ಅದು ಸಿಸ್ಟಮ್. ಕೊಂಡಿ ಕಳಚಿದರೆ ಭಾಗಗಳು ಹಾಗೇ ಇರುತ್ತವೆ, ಸಿಸ್ಟಮ್ ಇರುವುದಿಲ್ಲ. ಈ ಯೋಚನೆಯನ್ನು ಬೆಳೆಸಿದವರಲ್ಲಿ ಮುಖ್ಯರಾದ ಲುಡ್ವಿಗ್ ಫಾನ್ ಬರ್ಟಲಾನ್ಫಿ ಆಸ್ಟ್ರಿಯಾದ ಜೀವಶಾಸ್ತ್ರಜ್ಞ. ಜೀವ ಇರುವುದೆಲ್ಲ ಹೊರಗಿನಿಂದ ಏನೋ ತೆಗೆದುಕೊಳ್ಳುತ್ತದೆ, ಹೊರಗೆ ಏನೋ ಬಿಡುತ್ತದೆ, ಹಾಗೇ ಬದುಕುತ್ತದೆ ಅಂತ ಅವರು ನೋಡಿದರು. ಅದಕ್ಕೆ ಓಪನ್ ಸಿಸ್ಟಮ್ ಅಂತಾರೆ. ನಮ್ಮ ಶಾಪೂ ಹಾಗೇ ಅಲ್ವಾ? ಒಳಗೆ ಸ್ಟೀಲ್ ಬಾರ್, ಕರೆಂಟು, ಆರ್ಡರ್ ಬರುತ್ತದೆ. ಹೊರಗೆ ಪಿನ್ನು, ಬಿಲ್ಲು, ಕತ್ತರಿಸಿ ಉಳಿದ ಲೋಹದ ಚೂರು (ಚಿಪ್ಸ್) ಹೋಗುತ್ತದೆ.

ಒಂದು ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ನಮ್ಮ ಪಿನ್ನಿನ ದಾರಿ ಬರೆದೆ. ಬಾರ್ ಬಂತು, ಕಟಿಂಗ್, ಟರ್ನಿಂಗ್ (ಮಷಿನ್‌ನಲ್ಲಿ ತಿರುಗಿಸಿ ಕೆತ್ತೋದು), ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ ಗಟ್ಟಿ ಮಾಡೋದು), ಗ್ರೈಂಡಿಂಗ್ (ಉಜ್ಜಿ ನಯ ಮಾಡೋದು), ಪ್ಲೇಟಿಂಗ್, ಪ್ಯಾಕಿಂಗ್. ಆಮೇಲೆ "ಇದು ನಮ್ಮದು" ಅಂತ ಸುತ್ತ ಒಂದು ಗೆರೆ, ಅಂದರೆ ಆ ಬೌಂಡರಿ, ಎಳೆಯಲು ಹೋದೆ. ಕೈ ನಿಂತಿತು. ನಮ್ಮ ಗೇಟು ಟರ್ನಿಂಗ್ ಆದ ಮೇಲೆ ಬರುತ್ತದೆ. ಮುಂದಿನ ಮೂರು ಕೆಲಸ ಹೊರಗೆ, ನಮ್ಮ ಮಾಲಿನ ಮೇಲೆ ಕೂಲಿಗೆ ಕೆಲಸ ಮಾಡಿಕೊಡೋ ಜಾಬ್ ವರ್ಕಿನವರ ಹತ್ತಿರ. ನಾವು ಇಷ್ಟು ವರ್ಷ ಗೆರೆಯನ್ನು ಗೇಟಿನ ಹತ್ತಿರ ಎಳೆದುಕೊಂಡಿದ್ದೆವು. ಗೇಟು ದಾಟಿದ ಮಾಲು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ವಾಪಸ್ ಬಂದಾಗ ಮತ್ತೆ ಕಾಣುತ್ತಿತ್ತು.

ಜಿಎಸ್‌ಟಿ ಕಾಯ್ದೆ ಆ ಗೆರೆಯನ್ನು ಬೇರೆ ಕಡೆ ಎಳೆದಿದೆ. ಅದರ 143ನೇ ಸೆಕ್ಷನ್ ಪ್ರಕಾರ ತೆರಿಗೆ ಕಟ್ಟದೆ ಜಾಬ್ ವರ್ಕಿಗೆ ಕಳಿಸಿದ ಮಾಲು ಸಾಮಾನ್ಯವಾಗಿ ಒಂದು ವರ್ಷದೊಳಗೆ ವಾಪಸ್ ಬರಬೇಕು, ಇಲ್ಲಾಂದ್ರೆ ಕಳಿಸಿದ ದಿನವೇ ಮಾರಿದ ಹಾಗೆ ಲೆಕ್ಕ. ಅಂದರೆ ಮಾಲು ಎಲ್ಲೇ ಇರಲಿ, ಜವಾಬ್ದಾರಿ ಕಳಿಸಿದವರದ್ದು. ಆಡಿಟರ್ ಇದನ್ನು ಎಷ್ಟೋ ಸಲ ಹೇಳಿದ್ದರು. ನಾನು ಅದನ್ನು ತೆರಿಗೆ ವಿಷಯ ಅಂತ ಮಾತ್ರ ಕೇಳಿಸಿಕೊಂಡಿದ್ದೆ. ಹೊಸ ಹಾಳೆಯಲ್ಲಿ ಗೆರೆಯನ್ನು ಪ್ಲೇಟಿಂಗ್ ಶೆಡ್ಡಿನ ಆಚೆ ಎಳೆದೆ. ನನ್ನ ಮಟ್ಟಿಗೆ ಎಲ್ಲ ಬದಲಾಗಿದ್ದು ಆ ಗೆರೆಯಿಂದ.

ಗೆರೆ ಎಳೆದ ಮೇಲೆ ಕೊಂಡಿಗಳನ್ನು ನೋಡಲು ಶುರು ಮಾಡಿದೆ. ಒಂದು ಭಾಗದ ಔಟ್‌ಪುಟ್ ಇನ್ನೊಂದರ ಇನ್‌ಪುಟ್ ಆಗುವ ಜಾಗಕ್ಕೆ ಇಂಟರ್‌ಫೇಸ್ ಅಂತಾರೆ. ನಮ್ಮ ಜಗಳಗಳೆಲ್ಲ ಅಲ್ಲೇ ಇದ್ದವು. ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. ನಾವು ಪಿನ್ನನ್ನು ಪೀಸಿನ ಲೆಕ್ಕದಲ್ಲಿ ಕಳಿಸುತ್ತೇವೆ. ಪ್ಲೇಟಿಂಗ್‌ನವರು ಕೆಜಿ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಾರೆ, ಅವರ ರೇಟು ಇರೋದೇ ಕೆಜಿಗೆ. ನಮ್ಮ ಆ ಪಿನ್ನು 16 ಮಿಮೀ ದಪ್ಪ, 60 ಮಿಮೀ ಉದ್ದ, ತೂಕ ಸುಮಾರು 95 ಗ್ರಾಂ. 500 ಪೀಸು ಅಂದರೆ 47.5 ಕೆಜಿ. ಅವರು ಪುಸ್ತಕದಲ್ಲಿ 47 ಅಂತ ಬರೆಯುತ್ತಿದ್ದರು. ಅವರಿಗೆ ಅರ್ಧ ಕೆಜಿ ದೊಡ್ಡ ವಿಷಯ ಅಲ್ಲ. ಆ ಅರ್ಧ ಕೆಜಿಯಲ್ಲಿ ನಮ್ಮ ಐದು ಪಿನ್ನು ಇದೆ. ಪ್ರತಿ ಲಾಟಿಗೆ ನಾಲ್ಕೈದು ಪೀಸು ಕಡಿಮೆ, ಪ್ರತಿ ತಿಂಗಳು ಮಾತಿಗೆ ಮಾತು. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದೆವು, ಬೇರೆ ಬೇರೆ ಅಳತೆಯಲ್ಲಿ.

ಅದಕ್ಕೆ ಮಾಡಿದ್ದು ಇಷ್ಟೇ. 20 ಪೀಸು ತೂಕ ಹಾಕಿ, ಅದರಿಂದ ಒಂದು ಪೀಸಿನ ತೂಕ ತೆಗೆದು, ಚಲನ್‌ನಲ್ಲಿ ಪೀಸು ಮತ್ತು ಕೆಜಿ ಎರಡನ್ನೂ ಬರೆಯೋದು. ಗ್ರಾಂವರೆಗೂ. ವಾಪಸ್ ಬಂದಾಗ ನಮ್ಮ ತಕ್ಕಡಿಯಲ್ಲಿ ಮತ್ತೆ ತೂಕ. ಎರಡು ತಿಂಗಳಲ್ಲಿ ಆ ಜಗಳ ನಿಂತಿತು. ಇದಕ್ಕೆ ಸಾಫ್ಟ್‌ವೇರ್ ಬೇಕಿರಲಿಲ್ಲ.

ಚೀಟಿಯನ್ನೂ ಬದಲಾಯಿಸಿದೆ. ಮೊದಲು ಚೀಟಿ ಮೇಜಿನ ಮೇಲೆ ಇರುತ್ತಿತ್ತು, ಮಾಲು ಟ್ರೇಯಲ್ಲಿ. ಈಗ ಪ್ರತಿ ಟ್ರೇ ಜೊತೆ ಒಂದು ರೂಟ್ ಕಾರ್ಡ್, ಪ್ಲಾಸ್ಟಿಕ್ ಕವರ್ ಒಳಗೆ. ಕೆಲಸ ಮುಗಿದ ಹಾಗೆ ಅದರಲ್ಲೇ ಬರೆಯಬೇಕು. ನಮ್ಮಲ್ಲಿ ಕನ್ನಡದವರು, ಒಡಿಯಾದವರು, ಹಿಂದಿಯವರು ಎಲ್ಲ ಇದ್ದಾರೆ. ಓದೋಕೆ ಕಷ್ಟ ಆಗಬಾರದು ಅಂತ ಹಳದಿ ಜಿಂಕಿಗೆ ಹಳದಿ ಸ್ಟಿಕರ್, ಬಿಳಿಗೆ ಬಿಳಿ. ಸ್ಟಿಕರ್ ಇಲ್ಲದ ಟ್ರೇ ಗೇಟು ದಾಟುವ ಹಾಗಿಲ್ಲ. ಮಾಹಿತಿ ವ್ಯವಸ್ಥೆಯಲ್ಲಿ ಮಷಿನ್ನು, ಸಾಫ್ಟ್‌ವೇರ್, ಡೇಟಾ, ಜನ, ಪದ್ಧತಿ ಐದೂ ಇರಬೇಕು ಅಂತ ಓದಿದ್ದೆ. ನಾನು ಮೊದಲೆರಡನ್ನು ಕೊಂಡು, ಉಳಿದ ಮೂರು ತಾನಾಗೇ ಬರುತ್ತದೆ ಅಂದುಕೊಂಡಿದ್ದೆ. ಜನ ಮತ್ತು ಪದ್ಧತಿಯಿಂದ ಶುರು ಮಾಡಬೇಕಿತ್ತು.

ಫೀಡ್‌ಬ್ಯಾಕ್ ಬಗ್ಗೆ ಎಲ್ಲರಿಗೂ ಗೊತ್ತಿರೋ ಒಂದು ವಿಷಯ ಹೇಳುತ್ತೇನೆ. ಬೆಂಗಳೂರಿನ ಮನೆಗಳಲ್ಲಿ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುತ್ತೇವಲ್ಲ. ಮೋಟರ್ ಹಾಕಿ ಮರೆತುಬಿಡುತ್ತೇವೆ. ನೀರು ತುಂಬಿ ಗೋಡೆ ಮೇಲೆ ಸುರಿದು, ಪಕ್ಕದ ಮನೆಯವರು ಕೂಗಿದ ಮೇಲೆ ಆಫ್ ಮಾಡುತ್ತೇವೆ. ಸುದ್ದಿ ಬಂತು, ಆದರೆ ತಡವಾಗಿ ಬಂತು. ನಮ್ಮ ಇನ್‌ಸ್ಪೆಕ್ಷನ್ ಹಾಗೇ ಇತ್ತು. 400 ಪೀಸು ಆದ ಮೇಲೆ ಒಟ್ಟಿಗೆ ಅಳೆದಾಗ ಇನ್ಸರ್ಟ್ (ಕತ್ತರಿಸುವ ಅಲಗು) ಸವೆದು 150ನೇ ಪೀಸಿನಿಂದಲೇ ಸೈಜ್ ದಪ್ಪವಾಗಿದೆ ಅಂತ ಗೊತ್ತಾಗುತ್ತಿತ್ತು. ಈಗ ಮೈಕ್ರೋಮೀಟರ್ ಮಷಿನ್ ಪಕ್ಕದಲ್ಲೇ ಇದೆ. ಮೊದಲ ಪೀಸು, ಆಮೇಲೆ ಪ್ರತಿ 25ನೇ ಪೀಸು ಅಳೆದು ಆಪರೇಟರ್ ಅಲ್ಲೇ ಬರೆಯುತ್ತಾರೆ. ಅಳತೆ ಏರುತ್ತಾ ಹೋದರೆ ಆಫ್‌ಸೆಟ್ (ಮಷಿನ್ನಿನಲ್ಲಿ ಅಲಗಿನ ಜಾಗದ ಹೊಂದಾಣಿಕೆ) ಅವರೇ ತಿದ್ದುತ್ತಾರೆ, ನನ್ನನ್ನು ಕೇಳಬೇಕಾಗಿಲ್ಲ. ತಿದ್ದುವ ಅಧಿಕಾರ ಇಲ್ಲದವರ ಕೈಗೆ ಅಳತೆ ಕೊಟ್ಟರೆ ಏನೂ ಪ್ರಯೋಜನ ಇಲ್ಲ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಹೊರಗಿನ ವಾತಾವರಣ ನಮ್ಮ ಕೈಲಿಲ್ಲ. 2021ರ ಡಿಸೆಂಬರ್ ಕೊನೆಯಲ್ಲಿ ಪೀಣ್ಯ ಮೇಲ್ಸೇತುವೆ ಮುಚ್ಚಿದಾಗ ಗೊರಗುಂಟೆಪಾಳ್ಯದ ಕಡೆ ಹೋಗೋ ಡಿಸ್‌ಪ್ಯಾಚ್ ಹೊತ್ತನ್ನೇ ಬದಲಾಯಿಸಿದೆವು. ಅಂಥದ್ದಕ್ಕೆ ಹೊಂದಿಕೊಳ್ಳಬೇಕು, ಅಷ್ಟೇ.

ಎಂಟು ತಿಂಗಳು ಎಲ್ಲವನ್ನೂ ಸ್ಪ್ರೆಡ್‌ಶೀಟಿನಲ್ಲೇ ಇಟ್ಟೆ. ದುಡ್ಡಿನ ಲೆಕ್ಕ ಟ್ಯಾಲಿ ಅನ್ನೋ ಬೇರೆ ಸಾಫ್ಟ್‌ವೇರಿನಲ್ಲಿ ಮೊದಲಿನಿಂದಲೂ ಚೆನ್ನಾಗೇ ಇತ್ತು, ಅದನ್ನು ಮುಟ್ಟಲಿಲ್ಲ. ಸ್ಪ್ರೆಡ್‌ಶೀಟಿನಿಂದ ಒಂದು ರಿಪೋರ್ಟ್ ತೆಗೆದು ಎಲ್ಲರಿಗೂ ಕೊಡುತ್ತಿದ್ದೆ, 11 ಕಾಲಮ್ಮಿನದು. ಅಪ್ಪ ಅದನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆಪರೇಟರ್ ಅದರ ಮೇಲೆ ಟೀ ಲೋಟ ಇಡುತ್ತಿದ್ದರು. ಬೇಜಾರಾಗಿ ಒಬ್ಬೊಬ್ಬರನ್ನೂ ಕೇಳಿದೆ: "ನಿಮಗೆ ಏನು ಗೊತ್ತಾಗಬೇಕು?" ಆಪರೇಟರಿಗೆ ಬೇಕಿದ್ದಿದ್ದು ಇವತ್ತು ಯಾವ ಪಾರ್ಟು, ಎಷ್ಟು ಅಂತ. ಸೂಪರ್‌ವೈಸರಿಗೆ ಈ ವಾರ ಯಾವ ಲಾಟು ಎಲ್ಲಿ ನಿಂತಿದೆ ಅಂತ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಇನ್ನೊಂದು ಸಿಎನ್‌ಸಿ ತಗೋಬೇಕಾ ಬೇಡ್ವಾ, ಅದನ್ನ ಹೇಳು ಸಾಕು."

ಬ್ಯಾಂಕಿನವರ ಹತ್ತಿರ ಅವರು ಆಗಲೇ ಮಾತಾಡಿದ್ದರು. ಮಾಲು ತಡವಾಗುತ್ತಿದೆ, ಅಂದರೆ ಮಷಿನ್ ಸಾಲುತ್ತಿಲ್ಲ ಅಂತ ಅವರ ಲೆಕ್ಕ. ನಾನು ರೂಟ್ ಕಾರ್ಡುಗಳ ತಾರೀಖು ಹಿಡಿದು ಕೂತೆ. 500 ಪಿನ್ನಿನ ಒಂದು ಲಾಟು ಬಾರ್‌ನಿಂದ ಪ್ಯಾಕಿಂಗ್‌ವರೆಗೆ 19 ದಿನ ತೆಗೆದುಕೊಳ್ಳುತ್ತಿತ್ತು. ಅದರಲ್ಲಿ ನಮ್ಮ ಮಷಿನ್ ಮೇಲೆ ಇದ್ದಿದ್ದು ಎರಡೇ ಶಿಫ್ಟು. ಉಳಿದಿದ್ದೆಲ್ಲ ಗೇಟಿನ ಆಚೆ, ಇಲ್ಲಾಂದ್ರೆ ಗೇಟಿನ ಪಕ್ಕ ಟಾಟಾ ಏಸ್ ತುಂಬಲಿ ಅಂತ ಕಾಯುತ್ತಾ. ಗಾಡಿ ಬಾಡಿಗೆ ಉಳಿಸೋಕೆ ನಾವು ಮಾಲು ಕೂಡಿಸುತ್ತಿದ್ದೆವು. ಕೂಡಿಸಿದ ಮಾಲು ಒಟ್ಟಿಗೆ ಹೋಗಿ ಹೀಟ್ ಟ್ರೀಟ್‌ಮೆಂಟ್‌ನವರ ಹತ್ತಿರ ಮತ್ತೆ ಸಾಲಿನಲ್ಲಿ ನಿಲ್ಲುತ್ತಿತ್ತು. ಮೂರನೇ ಮಷಿನ್ ಬಂದಿದ್ದರೆ ಆ ಸಾಲು ಇನ್ನಷ್ಟು ಉದ್ದವಾಗುತ್ತಿತ್ತು.

ಅಪ್ಪನಿಗೆ ಒಂದೇ ಹಾಳೆ ಕೊಟ್ಟೆ. ಅದರಲ್ಲಿ 19 ಚೌಕ. ಎರಡಕ್ಕೆ ಹಸಿರು, ಉಳಿದದ್ದಕ್ಕೆ ಕೆಂಪು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಹಂಗಾದ್ರೆ ಸಾಲ ಬೇಡ" ಅಂದರು. ವಾರಕ್ಕೆ ಒಂದು ಸಲ 500 ಕಳಿಸೋ ಬದಲು ಎರಡು ಸಲ 250 ಕಳಿಸಲು ಶುರು ಮಾಡಿದೆವು. ಬಾಡಿಗೆ ಜಾಸ್ತಿ ಆಯಿತು, ಅದು ನಿಜ. 19 ದಿನ 11ಕ್ಕೆ ಇಳಿಯಿತು. ಎರಡನೇ ಪ್ಲೇಟಿಂಗ್‌ನವರನ್ನೂ ಹುಡುಕಿಕೊಂಡೆವು. ಇದೆಲ್ಲ ಒಂದು ಹದಕ್ಕೆ ಬಂದ ಮೇಲೇ ಮತ್ತೆ ಸಾಫ್ಟ್‌ವೇರ್ ಹಾಕಿಸಿದ್ದು. ಅದೂ ಜಾಬ್ ವರ್ಕ್ ಮತ್ತು ಸ್ಟಾಕ್ ನೋಡೋಕೆ ಮಾತ್ರ. ಈ ಸಲ ಜನ ಅದನ್ನು ಬಳಸುತ್ತಿದ್ದಾರೆ. ಅದರಲ್ಲಿರುವುದು ಅವರದ್ದೇ ಕಾರ್ಡು ಅಂತ ಅವರಿಗೆ ಗೊತ್ತು.

ಇನ್ನೂ ಒಂದು ಕೆಲಸ ಬಾಕಿ ಇದೆ. ಸ್ಟೋರಿನ ಅಣ್ಣ ಬರೋ ಯುಗಾದಿಗೆ ಕೆಲಸ ಬಿಡುತ್ತಾರೆ. ಅಪ್ಪನ ಜೊತೆ ಮೊದಲಿನಿಂದ ಇದ್ದವರು. ಯಾವ ಚಲನ್‌ನಲ್ಲೂ ಇಲ್ಲದ ಎಷ್ಟೋ ವಿಷಯ ಅವರ ತಲೆಯಲ್ಲಿದೆ. ಕಂಪ್ಯೂಟರ್ ಬರೋಕೆ ಮುಂಚೆ ನಮ್ಮ ಮಾಹಿತಿ ವ್ಯವಸ್ಥೆ ಅಂದರೆ ಅವರೇ. ಅದಕ್ಕೆ ದಿನಾ ಸಂಜೆ ಐದೂವರೆಯಿಂದ ಅರ್ಧ ಗಂಟೆ ಅವರ ಜೊತೆ ನೋಟ್‌ಬುಕ್ ಹಿಡಿದು ಕೂರುತ್ತೇನೆ. ನೆನ್ನೆ ಬರೆದುಕೊಂಡಿದ್ದು ಇಷ್ಟು: ಮಳೆಗಾಲದಲ್ಲಿ ಗ್ರೈಂಡಿಂಗ್ ಆದ ಪಿನ್ನನ್ನು ಎಣ್ಣೆ ಹಚ್ಚದೆ ರಾತ್ರಿ ಇಡಬಾರದು. ಒಬ್ಬ ಪ್ಲೇಟಿಂಗ್‌ನವರು ಅಮಾವಾಸ್ಯೆ ದಿನ ಹೊಸ ಲಾಟು ಹಾಕುವುದಿಲ್ಲ, ಹಿಂದಿನ ದಿನವೇ ಕಳಿಸಬೇಕು. ಹೀಟ್ ಟ್ರೀಟ್‌ಮೆಂಟ್‌ನವರ ಹಳೆ ತಕ್ಕಡಿ 50 ಕೆಜಿ ದಾಟಿದರೆ 200 ಗ್ರಾಂ ಕಮ್ಮಿ ತೋರಿಸುತ್ತದೆ. "ಇದೆಲ್ಲ ಬರ್ಕೋಬೇಕಾ ಅಮ್ಮ?" ಅಂತ ಕೇಳಿದರು. ಹೌದು ಅಣ್ಣ, ಎಲ್ಲಾನೂ ಹೇಳಿ ಅಂದೆ. ನಾಳೆ ಬಾರ್ ಸಪ್ಲೈಯರ್‌ಗಳ ಬಗ್ಗೆ ಹೇಳುತ್ತಾರಂತೆ.