ಗಡಿಯಾರ ಬಿಡಿ, ಉಬ್ಬರ ನೋಡಿ: ಕರಾವಳಿಯ ಚಳಿಗಾಲದ ಹಕ್ಕಿಗಳು

ಹಕ್ಕಿ ನೋಡಬೇಕಾದರೆ ಬೆಳಕು ಹರಿಯುವ ಮೊದಲೇ ಎದ್ದು ಹೊರಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಕಾಡಿಗೆ, ತೋಟಕ್ಕೆ, ಕೆರೆಗೆ ಅದು ಸರಿ. ಕಡಲತೀರದ ಲೆಕ್ಕ ಬೇರೆ. ಬೆಳಗ್ಗೆ ಆರಕ್ಕೆ ಅಳಿವೆಯಲ್ಲಿ ಹೋಗಿ ನಿಂತರೆ ಹತ್ತಿರ ಒಂದು ಹಕ್ಕಿಯೂ ಸಿಗದೇ ಇರಬಹುದು. ಅದೇ ಜಾಗದಲ್ಲಿ ಮಟ ಮಟ ಮಧ್ಯಾಹ್ನ ನೂರಾರು ಹಕ್ಕಿ ನಿಂತಿರಬಹುದು. ನಾನು ಕುಂದಾಪುರದವನು. ನವೆಂಬರಿನಿಂದ ಮಾರ್ಚ್‌ವರೆಗೆ ನಾನು ಗಡಿಯಾರಕ್ಕಿಂತ ಜಾಸ್ತಿ ನೋಡುವುದು ಉಬ್ಬರ ಇಳಿತದ ಪಟ್ಟಿಯನ್ನೇ.

ಕಾರಣ ಇಷ್ಟೇ. ಚಳಿಗಾಲಕ್ಕೆ ಇಲ್ಲಿಗೆ ಬರುವ ಗೊರವ, ಪ್ಲವರ್ ಮುಂತಾದ ತೀರದ ಹಕ್ಕಿಗಳ ಊಟ ಇರುವುದು ಕೆಸರಿನೊಳಗೆ. ಹುಳ, ಸಣ್ಣ ಏಡಿ, ಎಳೆ ಚಿಪ್ಪುಗಳು. ನೀರು ಇಳಿದಾಗ ತಿನ್ನುತ್ತವೆ, ಏರಿದಾಗ ನಿದ್ದೆ ಮಾಡುತ್ತವೆ. ರಾತ್ರಿ ಇಳಿತ ಬಂದರೆ ರಾತ್ರಿಯೂ ತಿನ್ನುತ್ತವೆ. ಪೂರ್ತಿ ಇಳಿತದಲ್ಲಿ ಹೋದರೆ ಅವು ದೂರ ದೂರ ಹರಡಿಹೋಗಿ ಬರೀ ಚುಕ್ಕೆಗಳಾಗಿ ಕಾಣುತ್ತವೆ. ನೀರು ಏರತೊಡಗಿದ ಮೇಲೆ ಕೆಸರು ಒಂದೊಂದೇ ಪಟ್ಟಿಯಾಗಿ ಮುಳುಗುತ್ತದೆ. ಆಗ ಹಕ್ಕಿಗಳು ಹಿಂದೆ ಸರಿಯುತ್ತಾ ದಡದ ಕಡೆಗೇ ಬರುತ್ತವೆ. ಕೊನೆಗೆ ಉಳಿದ ಮರಳ ದಿಬ್ಬದ ಮೇಲೆ ಎಲ್ಲವೂ ಒತ್ತಾಗಿ ನಿಲ್ಲುತ್ತವೆ. ಆ ದಿಬ್ಬ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಗುಜರಾತಿನ ಖಂಬಾತ್ ಕೊಲ್ಲಿಯಲ್ಲಿ ನೀರು ಹತ್ತು ಮೀಟರಿನಷ್ಟು ಏರುತ್ತದೆ. ನಮ್ಮಲ್ಲಿ ದೊಡ್ಡ ಉಬ್ಬರದ ದಿನವೂ ಒಂದೂವರೆ, ಹೆಚ್ಚೆಂದರೆ ಎರಡು ಮೀಟರ್. ಆದರೆ ಅಳಿವೆಯ ಕೆಸರು ಬಯಲು ತುಂಬಾ ಸಪಾಟು, ಅಷ್ಟು ನೀರೇ ಸಾಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನಮ್ಮ ಕಡೆ ಬೆಳಗ್ಗೆ ನೀರು ಏರುತ್ತಾ ಹೋಗಿ ಮಧ್ಯಾಹ್ನದ ಸುಮಾರಿಗೆ ತುಂಬುತ್ತದೆ. ಈ ಹೊತ್ತು ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಾನು ಪೂರ್ತಿ ಉಬ್ಬರಕ್ಕೆ ಎರಡು ಗಂಟೆ ಮುಂಚೆ ಜಾಗ ಹಿಡಿದು ಕೂತುಬಿಡುತ್ತೇನೆ. ಹಕ್ಕಿಗಳ ಹಿಂದೆ ನಡೆಯುವುದಿಲ್ಲ, ಅವೇ ಬರುತ್ತವೆ. ತೊಂದರೆ ಒಂದೇ. ಹತ್ತು ಗಂಟೆ ದಾಟಿದರೆ ಡಿಸೆಂಬರಿನಲ್ಲೂ ಮರಳು ಕಾದು ಗಾಳಿ ನಡುಗುತ್ತದೆ, ಸ್ಕೋಪಿನಲ್ಲಿ (ಸ್ಟ್ಯಾಂಡಿನ ಮೇಲೆ ಇಡುವ ದುರ್ಬೀನಿನಲ್ಲಿ) ಎಲ್ಲವೂ ಅಲ್ಲಾಡುತ್ತದೆ. ಹಾಗಾಗಿ ಒಂಬತ್ತರ ಸುಮಾರಿಗೆ ನೀರು ತುಂಬುವ ದಿನ ಸಿಕ್ಕಿದರೆ ನಾನು ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ.

ನನ್ನ ಖಾಯಂ ಜಾಗ ಕೋಡಿ. ಕುಂದಾಪುರ ಪೇಟೆಯಿಂದ ಆಟೋದಲ್ಲೇ ಹೋಗಬಹುದು. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಕಿ ಐದೂ ನದಿ ಸೇರಿ ಪಂಚಗಂಗಾವಳಿಯಾಗಿ ಕಡಲು ಸೇರುವುದು ಇಲ್ಲಿ. ಆಚೆ ದಡ ಗಂಗೊಳ್ಳಿ. ಹೆಚ್ಚಿನವರು ಸೀವಾಕ್ ಮೇಲೆ ಹೋಗಿ ಸೂರ್ಯಾಸ್ತದ ಫೋಟೋ ತೆಗೆದು ವಾಪಸ್ ಬರುತ್ತಾರೆ. ಹಕ್ಕಿ ಇರುವುದು ಜಾಸ್ತಿ ಒಳಗಡೆ, ಕುದ್ರುಗಳ (ನದಿಯ ನಡುವಿನ ದ್ವೀಪಗಳ) ಅಂಚಿನಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮುಂದಿನ ಕೆಸರಿನಲ್ಲಿ. ಸಂಜೆ ಹೊತ್ತಾದರೆ ಬೆನ್ನಿಗೆ ಕಡಲು ಬರುವ ಹಾಗೆ ನಿಂತು ಪೂರ್ವಕ್ಕೆ ನೋಡಿ. ಬಿಸಿಲು ಹಕ್ಕಿಯ ಮೇಲೆ ಬೀಳುತ್ತದೆ, ಕಾಲಿನ ಬಣ್ಣವೂ ಸರಿಯಾಗಿ ಕಾಣುತ್ತದೆ. ಈ ಹಕ್ಕಿಗಳ ವಿಷಯದಲ್ಲಿ ಕಾಲಿನ ಬಣ್ಣ ಸಣ್ಣ ಮಾತಲ್ಲ.

ಟೆರೆಕ್ ಸ್ಯಾಂಡ್‌ಪೈಪರ್ ನನಗೆ ಎಲ್ಲಕ್ಕಿಂತ ಇಷ್ಟ. ಮೇಲಕ್ಕೆ ಬಾಗಿದ ಉದ್ದ ಕೊಕ್ಕು, ಗಿಡ್ಡ ಕಿತ್ತಳೆ ಹಳದಿ ಕಾಲು. ಉಳಿದವು ನಿಂತಲ್ಲೇ ಕೆಸರು ಚುಚ್ಚುತ್ತಿದ್ದರೆ ಇದು ತಲೆ ತಗ್ಗಿಸಿ ದಿಕ್ಕು ದಿಕ್ಕಿಗೆ ಓಡುತ್ತದೆ. ಸಣ್ಣ ಏಡಿ ಬಿಲಕ್ಕೆ ಇಳಿಯುವ ಮೊದಲೇ ಹಿಡಿಯಬೇಕಲ್ಲ! ಒಮ್ಮೆ ಒಂದು ಹಕ್ಕಿ ನನ್ನಿಂದ ಹತ್ತು ಹೆಜ್ಜೆ ದೂರದಲ್ಲೇ ಏಡಿ ಹಿಡಿಯಿತು. ಕೊಕ್ಕಿನ ತುದಿಯಲ್ಲಿ ಹಿಡಿದು ಎರಡು ಸಲ ಕೊಡವಿತು, ಒಂದು ಕಾಲು ಕಳಚಿ ಬಿತ್ತು. ಆಮೇಲೆ ತಿನ್ನಲಿಲ್ಲ. ನೀರಿನ ಅಂಚಿಗೆ ಓಡಿ, ಅದ್ದಿ, ಕೆಸರು ತೊಳೆದು, ಕೊನೆಗೆ ನುಂಗಿತು. ಅಷ್ಟರಲ್ಲಿ ಪಕ್ಕದ ಇನ್ನೊಂದು ಕಸಿಯಲು ಬಂದಿತ್ತು, ಅದಕ್ಕೆ ಸಿಕ್ಕಿದ್ದು ಆ ಬಿದ್ದ ಕಾಲು ಮಾತ್ರ.

ಹೊಸಬರಿಗೆ ತಲೆ ಕೆಡಿಸುವುದು ಸ್ಯಾಂಡ್ ಪ್ಲವರ್‌ಗಳು. ಚಳಿಗಾಲದಲ್ಲಿ ಎಲ್ಲವೂ ಮೇಲೆ ಕಂದು, ಕೆಳಗೆ ಬಿಳಿ. ಕುತ್ತಿಗೆ ಹಿಂದೆ ಬಿಳಿ ಪಟ್ಟಿ ಇದ್ದರೆ ಕೆಂಟಿಶ್ ಪ್ಲವರ್, ಅದು ಸುಲಭ. ಪಟ್ಟಿ ಇಲ್ಲದಿದ್ದರೆ ಕೊಕ್ಕು ಅಳೆಯಿರಿ. ಕೊಕ್ಕಿನ ಬುಡದಿಂದ ಕಣ್ಣಿನ ಹಿಂದಿನ ಅಂಚಿನವರೆಗೆ ಎಷ್ಟು ದೂರವೋ, ಕೊಕ್ಕು ಅದಕ್ಕಿಂತ ಉದ್ದ ಇದ್ದು, ಕಾಲು ಹಸಿರು ಮಿಶ್ರಿತ ಹಳದಿಯಾಗಿದ್ದರೆ ಗ್ರೇಟರ್ ಸ್ಯಾಂಡ್ ಪ್ಲವರ್. ಕೊಕ್ಕು ಮೋಟಾಗಿ ಕಾಲು ಕಪ್ಪಗಿದ್ದರೆ ನಮ್ಮಲ್ಲಿ ಗುಂಪು ಗುಂಪಾಗಿ ಸಿಗುವ ಸಣ್ಣದು. ಅದನ್ನು ಮೊದಲು ಲೆಸ್ಸರ್ ಸ್ಯಾಂಡ್ ಪ್ಲವರ್ ಅನ್ನುತ್ತಿದ್ದೆವು. 2023ರಲ್ಲಿ ಇಬರ್ಡ್ (ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಜಾಲತಾಣ) ಪಟ್ಟಿಯಲ್ಲಿ ಅದನ್ನು ಸೈಬೀರಿಯನ್, ಟಿಬೆಟನ್ ಅಂತ ಎರಡು ಮಾಡಿದರು. ನಮ್ಮ ಕರಾವಳಿಗೆ ಬರುವುದು ಟಿಬೆಟನ್. ಅಂದರೆ ಹಿಮಾಲಯದಾಚೆಯ ಎತ್ತರದ ಬಯಲಿನಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಕೋಡಿಯ ಮರಳಿಗೆ ಬರುವ ಹಕ್ಕಿ.

ಗಲ್ ಮತ್ತು ಟರ್ನ್ ಅನ್ನುವ ಕಡಲಹಕ್ಕಿಗಳನ್ನು ನೋಡಲು ಮಲ್ಪೆ ಬಂದರಿಗೆ, ಇಲ್ಲವೇ ಕೈರಂಪಣಿ (ದಡದಿಂದ ಕೈಯಲ್ಲೇ ಎಳೆಯುವ ಬಲೆ) ಎಳೆಯುವ ತೀರಕ್ಕೆ ಹೋಗುತ್ತೇನೆ. ಬಲೆ ದಡಕ್ಕೆ ಹತ್ತಿರವಾದಂತೆ ಮೇಲೆ ಗದ್ದಲ ಶುರು. ಬ್ರೌನ್ ಹೆಡೆಡ್ ಗಲ್ ಜಾಸ್ತಿ. ಅವೂ ಲಡಾಖ್, ಟಿಬೆಟ್ ಕಡೆಯ ಕೆರೆಗಳಿಂದ ಬಂದವು. ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಚುಕ್ಕೆ ಇರುತ್ತದೆ. ಟರ್ನ್‌ಗಳಿಗೆ ಕೊಕ್ಕೇ ಗುರುತು. ಕಿತ್ತಳೆ ಇದ್ದರೆ ಲೆಸ್ಸರ್ ಕ್ರೆಸ್ಟೆಡ್, ನಿಂಬೆ ಹಳದಿಯಾದರೆ ಗ್ರೇಟರ್ ಕ್ರೆಸ್ಟೆಡ್, ಕಪ್ಪು ಕೊಕ್ಕಿಗೆ ಹಳದಿ ತುದಿಯಾದರೆ ಸ್ಯಾಂಡ್‌ವಿಚ್. ಕ್ಯಾರೆಟ್ ಸಿಕ್ಕಿಸಿಕೊಂಡ ಹಾಗೆ ದಪ್ಪ ಕೆಂಪು ಕೊಕ್ಕು ಕಂಡರೆ ಕ್ಯಾಸ್ಪಿಯನ್. ದೊಡ್ಡ ಗಲ್‌ಗಳಲ್ಲಿ ಹ್ಯೂಗ್ಲಿನ್ಸ್ ಯಾವುದು, ಸ್ಟೆಪ್ಪಿ ಯಾವುದು ಅಂತ ಗಂಟೆಗಟ್ಟಲೆ ಜಗಳ ಆಡುವವರಿದ್ದಾರೆ. ನನಗೆ ಆ ಹಠ ಇಲ್ಲ. ಗಟ್ಟಿಯಾಗಿ ಗೊತ್ತಾಗದಿದ್ದರೆ ಎರಡಕ್ಕೂ ಸಲ್ಲುವ ಲೆಸ್ಸರ್ ಬ್ಲ್ಯಾಕ್ ಬ್ಯಾಕ್ಡ್ ಅನ್ನುವ ಹೆಸರು ಬರೆದು ಮುಂದೆ ಹೋಗುತ್ತೇನೆ. ಒಂದು ಮಾತು, ಬಲೆ ಎಳೆಯುವಾಗ ಹಗ್ಗ ದಾಟಬೇಡಿ, ಬಲೆ ತುಳಿಯಬೇಡಿ. ಮೊದಲು ಮೀನುಗಾರರನ್ನು ಮಾತಾಡಿಸಿ. ಯಾವ ದಿಬ್ಬದ ಮೇಲೆ ಹಕ್ಕಿ ಕೂರುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪಿಗೂ ಗೊತ್ತಿಲ್ಲ.

ಬೇರೆ ಜಾಗಗಳನ್ನು ಬೇಗ ಹೇಳಿಬಿಡುತ್ತೇನೆ. ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆ ಚೆನ್ನಾಗಿದೆ, ಆದರೆ ಭಾನುವಾರ ಬೇಡ, ಅಷ್ಟು ಜನ. ಶಾಂಭವಿ, ನಂದಿನಿ ಸೇರುವ ಸಸಿಹಿತ್ಲು ಮಂಗಳೂರಿನವರಿಗೆ ಹತ್ತಿರ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಒಳಗೆ ಮರದ ಹಲಗೆಯ ದಾರಿ ಇದೆ, ಅಲ್ಲಿ ಕಪ್ಪು ತಲೆಯ ಮಿಂಚುಳ್ಳಿಗಾಗಿ ಕಾಯಬಹುದು. ಕ್ರ್ಯಾಬ್ ಪ್ಲವರ್ ನೋಡಲೇಬೇಕು ಅನ್ನುವವರು ಇಲ್ಲಿ ಹುಡುಕಿ ಸುಸ್ತಾಗುವ ಬದಲು ಜಾಮ್‌ನಗರಕ್ಕೆ ಹೋಗುವುದು ವಾಸಿ.

ಒಂದೇ ಜಾಗಕ್ಕೆ ಪುರುಸೊತ್ತು ಇದ್ದರೆ ಅಘನಾಶಿನಿ. ಅಣೆಕಟ್ಟು ಇಲ್ಲದ ನದಿ, 2024ರಲ್ಲಿ ಅದರ ಅಳಿವೆ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ಗೋಕರ್ಣದ ಕಡೆಯಿಂದ ತದಡಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಅಘನಾಶಿನಿ ಊರಿಗೆ ದಾಟಬಹುದು. ಬೈಕನ್ನೂ ಹತ್ತಿಸುತ್ತಾರೆ. ಇಳಿತದಲ್ಲಿ ನಡು ಅಳಿವೆಯಲ್ಲಿ ಜನ ನೀರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪು) ಆರಿಸುತ್ತಿರುತ್ತಾರೆ. ಅವರಿಂದ ಸ್ವಲ್ಪ ದೂರದಲ್ಲೇ ಕರ್ಲ್ಯೂ, ವಿಂಬ್ರೆಲ್‌ಗಳು ಅದೇ ಕೆಸರನ್ನು ಕೆದಕುತ್ತಿರುತ್ತವೆ. ದಿನಾ ಬರುವ ಆ ಜನರಿಗೆ ಹಕ್ಕಿ ಹೆದರುವುದಿಲ್ಲ. ಕ್ಯಾಮೆರಾ ಹಿಡಿದು ನೇರ ನಡೆದು ಬರುವವನನ್ನು ಕಂಡರೆ ಮಾತ್ರ ಹಾರುತ್ತದೆ. ವಿಂಬ್ರೆಲ್ ಹಾರಿದರೆ ಕಣ್ಣು ಮುಚ್ಚಿಯೂ ಗೊತ್ತಾಗುತ್ತದೆ, ಒಂದೇ ಸ್ವರದಲ್ಲಿ ಏಳೆಂಟು ಸಲ ಬೇಗ ಬೇಗ ಕೂಗುತ್ತದೆ.

ಅಲ್ಲಿನ ಗಜನಿಗಳನ್ನು ಹೆಚ್ಚಿನ ಪಕ್ಷಿವೀಕ್ಷಕರು ನೋಡದೇ ಬರುತ್ತಾರೆ. ನನಗೆ ಅದು ಬೇಸರ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವ ಗದ್ದೆ ಅದು. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಬ್ಬರದ ನೀರು ಬಿಡುತ್ತಾರೆ, ಸಿಗಡಿ, ಮೀನು ಒಳಗೆ ಬರುತ್ತದೆ. ಅದರ ಹಿಂದೆಯೇ ಕೆಂಪು ಕಾಲಿನ ಸ್ಟಿಲ್ಟ್, ಮಾರ್ಶ್ ಸ್ಯಾಂಡ್‌ಪೈಪರ್, ವಿಸ್ಕರ್ಡ್ ಟರ್ನ್ ಎಲ್ಲ ಬರುತ್ತವೆ. ಅಳಿವೆಯಲ್ಲಿ ನೀರು ತುಂಬಿ ಬೇರೆಲ್ಲೂ ಕಾಲೂರಲು ಜಾಗ ಇಲ್ಲದಾಗ ಗಜನಿಯ ಬದುವೇ ಅವಕ್ಕೆ ಆಸರೆ. ಹಾಗಾಗಿ ಅಲ್ಲಿ ಇಳಿತಕ್ಕೆ ಅಳಿವೆ, ಉಬ್ಬರಕ್ಕೆ ಗಜನಿ ಅಂತ ಇಡೀ ದಿನ ಕಳೆಯಬಹುದು. ಸಾಗುವಳಿ ಮಾಡುವವರ ಜಾಗ, ಕೇಳಿ ಒಳಗೆ ಹೋಗಬೇಕು ಅಷ್ಟೆ.

ತಲೆ ಎತ್ತಿ ನೋಡುವುದನ್ನೂ ಮರೆಯಬೇಡಿ. ದಿಬ್ಬದ ಮೇಲಿನ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದರೆ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಇರುವ ಸಾಧ್ಯತೆ ಹೆಚ್ಚು. ರೆಕ್ಕೆಯನ್ನು ಮೇಲಕ್ಕೆ ಎತ್ತಿ ಹಿಡಿದೇ ತೇಲುತ್ತದೆ, ಗರುಡ ಹಾಗೆ ಮಾಡುವುದಿಲ್ಲ. ನಮ್ಮ ಕಡೆ ಚಳಿಗಾಲ ಅದಕ್ಕೆ ಗೂಡು, ಮರಿಯ ಕಾಲ. ಎತ್ತರದ ಮರ ಇಲ್ಲದ ಕಡೆ ಮೊಬೈಲ್ ಟವರಿನಲ್ಲೂ ಕಟ್ಟುತ್ತದೆ. ಹಳೆಯ ಗೂಡನ್ನೇ ವರ್ಷ ವರ್ಷ ರಿಪೇರಿ ಮಾಡಿಕೊಳ್ಳುತ್ತದೆ. ಮೀನು ಬಿಟ್ಟರೆ ಕಡಲ ಹಾವು ಅಂದರೆ ಅದಕ್ಕೆ ಪ್ರಾಣ. ಗೂಡಿನ ಜಾಗ ನನಗೆ ಗೊತ್ತಿದ್ದರೂ ಯಾರಿಗೂ ಹೇಳುವುದಿಲ್ಲ. ಕೇಳಿದವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಸಾಮಾನು ಜಾಸ್ತಿ ಬೇಡ. 8x42 ಬೈನಾಕ್ಯುಲರ್ ಸಾಕು. ಅಳಿವೆಗೆ ಮಾತ್ರ ಸ್ಕೋಪ್ ಇದ್ದರೆ ಅನುಕೂಲ, ಇಲ್ಲದಿದ್ದರೆ ಇದ್ದವರ ಜೊತೆ ಹೋಗಿ. ಮನೆಗೆ ಬಂದ ಕೂಡಲೇ ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸಿ, ಸ್ಟ್ಯಾಂಡಿನ ಕಾಲು ಬಿಚ್ಚಿ ಮರಳು ತೊಳೆಯಿರಿ.

ಡ್ರೋನ್ ಬಗ್ಗೆ ನನಗೆ ಮುಲಾಜಿಲ್ಲ, ಹಕ್ಕಿ ಕೂತ ದಿಬ್ಬದ ಮೇಲೆ ಅದು ಹಾರಲೇಬಾರದು. ಮರಳಿನ ಮೇಲೆ ಜೀಪ್ ಓಡಿಸುವುದೂ ಅಷ್ಟೇ. ನಿದ್ದೆಯಲ್ಲಿದ್ದ ಹಕ್ಕಿ ತಲೆ ಎತ್ತಿತು, ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿತು ಅಂದರೆ ನೀವು ಅಲ್ಲೇ ನಿಲ್ಲಬೇಕು. ಸಾವಿರಾರು ಕಿಲೋಮೀಟರ್ ಹಾರಿ ಬಂದು, ಮತ್ತೆ ಹಾರಲು ಕೊಬ್ಬು ಕೂಡಿಡುತ್ತಿರುವ ಹಕ್ಕಿ ಅದು. 2024ರಲ್ಲಿ ಐಯುಸಿಎನ್ (ಜಾಗತಿಕ ಪ್ರಕೃತಿ ಸಂರಕ್ಷಣಾ ಸಂಸ್ಥೆ) ಕರ್ಲ್ಯೂ ಸ್ಯಾಂಡ್‌ಪೈಪರ್, ಗ್ರೇ ಪ್ಲವರ್ ಎರಡನ್ನೂ ಅಪಾಯಕ್ಕೆ ಸಿಲುಕಿದವುಗಳ ಪಟ್ಟಿಗೆ ಏರಿಸಿದೆ. ಎರಡೂ ಇಲ್ಲಿಗೆ ಬರುವವೇ.

ಎಣಿಸುವುದನ್ನು ಜನವರಿಯಲ್ಲಿ ಶುರು ಮಾಡಿ. 1987ರಿಂದ ನಡೆಯುತ್ತಿರುವ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್, ಅಂದರೆ ನೀರುಹಕ್ಕಿಗಳ ಗಣತಿ, ಆ ತಿಂಗಳೇ ಬರುತ್ತದೆ. ದೊಡ್ಡ ಗುಂಪಾದರೆ ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ನೋಡಿ, ಅದೇ ಅಳತೆಯಲ್ಲಿ ಉಳಿದದ್ದನ್ನು ಅಳೆಯಿರಿ. ಫೆಬ್ರವರಿ ಕಳೆಯುವಾಗ ಪಲ್ಲಾಸ್ ಗಲ್‌ನ ತಲೆ ಕಪ್ಪಾಗಿರುತ್ತದೆ. ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರದಲ್ಲಿ ಸ್ಯಾಂಡ್ ಪ್ಲವರ್‌ಗಳ ಎದೆ ಕೆಂಪೇರಿರುತ್ತದೆ. ಚಳಿಗಾಲದಲ್ಲಿ ಗುರುತು ಹಿಡಿಯಲು ಪರದಾಡಿದವರು ಆಗ ಇನ್ನೊಮ್ಮೆ ಬನ್ನಿ. ಮೇ ತಿಂಗಳಲ್ಲೂ ಕೆಲವು ಇಲ್ಲೇ ಉಳಿದಿರುತ್ತವೆ, ಹೆಚ್ಚಾಗಿ ಮೊದಲ ವರ್ಷದವು. ಅವನ್ನೂ ಇಬರ್ಡ್‌ಗೆ ಹಾಕಿ. ಚಳಿಗಾಲದ ಪಟ್ಟಿ ಎಲ್ಲರೂ ಕೊಡುತ್ತಾರೆ, ಆ ಸೆಕೆಯಲ್ಲಿ ಹೋಗಿ ಎಣಿಸುವವರು ನಮ್ಮ ಕಡೆ ಕಡಿಮೆ.