ಬಾರ್ಸಿಲೋನಾಕ್ಕೆ ಹೊಸದಾಗಿ ಬಂದವರಿಗೆ: ಬೆಟ್ಟ ಯಾವ ಕಡೆ, ಸಮುದ್ರ ಯಾವ ಕಡೆ

ಇಲ್ಲಿನ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಸೇರಿದ ಮೊದಲ ವಾರವೇ ಒಬ್ಬರಲ್ಲ ಒಬ್ಬರು ಈ ಪ್ರಶ್ನೆ ಹಾಕುತ್ತಾರೆ. "ಸ್ಪೇನ್‌ಗೆ ಅಂತ ಮೂರು ತಿಂಗಳು ಸ್ಪ್ಯಾನಿಷ್ ಕಲಿತುಕೊಂಡು ಬಂದ್ವಿ, ಆದ್ರೆ ಮಗಳ ಶಾಲೆಯಿಂದ ಬಂದ ಚೀಟಿ ಒಂದು ಸಾಲೂ ಅರ್ಥ ಆಗ್ತಿಲ್ಲ, ಇದ್ಯಾವ ಭಾಷೆ?"

ಅದು ಕ್ಯಾಟಲನ್. ನೀವು ಇಳಿದಿರುವುದು ಸ್ಪೇನ್‌ನಲ್ಲೇ, ಸಂಶಯ ಬೇಡ. ಆದರೆ ಅದರ 17 ಸ್ವಾಯತ್ತ ಪ್ರದೇಶಗಳಲ್ಲಿ ಒಂದಾದ ಕ್ಯಾಟಲೋನಿಯಾದಲ್ಲಿ. ಸುಮಾರು 32,000 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಆರನೇ ಒಂದು ಪಾಲು. ಜನ 80 ಲಕ್ಷ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಯಾವ ಕೆಲಸಕ್ಕೆ ಯಾವ ಬಾಗಿಲು ತಟ್ಟಬೇಕು ಅನ್ನುವುದು ಇದರ ಮೇಲೇ ನಿಂತಿದೆ. ವೀಸಾ, ವಾಸದ ಕಾರ್ಡ್ ಎಲ್ಲ ಮ್ಯಾಡ್ರಿಡ್ ಸರ್ಕಾರದ ಕಚೇರಿಗಳ ಕೆಲಸ. ಶಾಲೆ, ಆಸ್ಪತ್ರೆ ಇಲ್ಲಿನ ಸರ್ಕಾರದ್ದು, ಅದಕ್ಕೆ ಜೆನರಾಲಿತಾತ್ ಅಂತ ಹೆಸರು. ರಸ್ತೆಯಲ್ಲಿ ಕಾಣುವ 'ಮೊಸ್ಸೋಸ್' ಪೊಲೀಸರೂ ಇವರದ್ದೇ. ಇನ್ನು ವಿಳಾಸ ನೋಂದಣಿ, ಅಂದರೆ 'ಪದ್ರೊ', ನಗರಸಭೆಯಲ್ಲಿ. ಮೊದಲು ಮಾಡಿಸಬೇಕಾದ್ದು ಇದೇ. ನಾನು ಬಂದಾಗ ಮನೆ ಮಾಲೀಕರು "ಇಲ್ಲಿ ಪದ್ರೊ ಮಾಡಿಸಬೇಡಿ" ಅಂದರು, ನಾನೂ ಸುಮ್ನೆ ತಲೆಯಾಡಿಸಿದೆ. ಎರಡು ತಿಂಗಳು ಮಗನ ಶಾಲೆಯೂ ಇಲ್ಲ, ಆರೋಗ್ಯ ಕಾರ್ಡೂ ಇಲ್ಲ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಪದ್ರೊ ವಿಷಯ ಕೇಳಿ. ಪದ್ರೊ ಕೈಗೆ ಬಂದ ಮೇಲೆ ಹತ್ತಿರದ 'ಕಾಪ್'ಗೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಈಗ ದಿಕ್ಕಿನ ವಿಷಯ. ಇಲ್ಲಿ ಯಾರೂ ಪೂರ್ವ, ಪಶ್ಚಿಮ ಅನ್ನುವುದಿಲ್ಲ. ಮನೆ ತೋರಿಸಲು ಬಂದ ಏಜೆಂಟ್ "ರಸ್ತೆಯ ಸಮುದ್ರದ ಬದಿ" ಅಂದಾಗ ನಾನು ಬಾಲ್ಕನಿಯಿಂದ ಸಮುದ್ರ ಕಾಣುತ್ತೆ ಅಂದುಕೊಂಡು ಖುಷಿಪಟ್ಟೆ. ಕಂಡಿದ್ದು ಎದುರು ಮನೆಯ ಬಟ್ಟೆ. ಊರು ಕೊಯ್‌ಸೆರೋಲಾ ಬೆಟ್ಟಸಾಲಿಗೂ ಸಮುದ್ರಕ್ಕೂ ನಡುವೆ ಇಳಿಜಾರಾಗಿ ಕೂತಿದೆ, ಎರಡು ಪಕ್ಕಕ್ಕೆ ಬೆಸೋಸ್ ಮತ್ತು ಯೊಬ್ರೆಗಾತ್ ನದಿಗಳು. ಹಾಗಾಗಿ ರಸ್ತೆಗೆ 'ಬೆಟ್ಟದ ಬದಿ', 'ಸಮುದ್ರದ ಬದಿ' ಅಂತಲೇ ಹೇಳುತ್ತಾರೆ. ದಾರಿ ತಪ್ಪಿದರೆ ಇಳಿಜಾರು ಹಿಡಿದು ನಡೆಯಿರಿ, ಸಮುದ್ರ ಸಿಗುತ್ತದೆ.

ವಾಸ್ತು ನೋಡುವವರಿಗೆ ಒಂದು ಮಾತು. ಊರಿನ ನಡುವಿನ ಎಶಾಂಪ್ಲ ಬಡಾವಣೆಯನ್ನು ಇಲ್ದೆಫೊನ್ಸ್ ಸೆರ್ದಾ ಎಂಬ ಎಂಜಿನಿಯರ್ 1859ರಲ್ಲಿ ಚೌಕಾಕಾರವಾಗಿ ಯೋಜಿಸಿದ. ಪ್ರತಿ ಚೌಕದ ಮೂಲೆಗಳು ದಿಕ್ಕಿಗೆ ಮುಖ ಮಾಡಿವೆ, ಗೋಡೆಗಳಲ್ಲ. ನೇರ ಪೂರ್ವಕ್ಕೆ ಬಾಗಿಲಿರುವ ಮನೆ ಅಲ್ಲಿ ಹುಡುಕಬೇಡಿ. ಈಶಾನ್ಯ ಬೇಕಾದರೆ ಬೇಕಾದಷ್ಟಿದೆ!

ನಮ್ಮಲ್ಲಿ ತುಂಬ ಮಂದಿ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗುವುದು ಸಿಯುತದೆಯಾ ಪಾರ್ಕಿಗೆ. ಆ ಹುಲ್ಲಿನ ಕೆಳಗೇ ಇಲ್ಲಿನ ಅರ್ಧ ಇತಿಹಾಸ ಇದೆ. 1137ರಲ್ಲಿ ಬಾರ್ಸಿಲೋನಾದ ಕೌಂಟ್‌ಗೂ ಅರಗಾನ್ ರಾಜನ ಮಗಳಿಗೂ ಸಂಬಂಧ ಕುದುರಿತು, ಎರಡು ನಾಡು ಒಂದೇ ಮನೆತನದ ಕೈಗೆ ಬಂತು. ಮುಂದೆ ಅವರ ಹಡಗುಗಳು ಮಯೋರ್ಕಾ, ಸಿಸಿಲಿ, ಸಾರ್ಡೀನಿಯಾ ತನಕ ಹೋದವು. ಸಾರ್ಡೀನಿಯಾದ ಆಲ್ಗೇರೊ ಊರಿನಲ್ಲಿ ಈಗಲೂ ಕ್ಯಾಟಲನ್ ಆಡುವವರಿದ್ದಾರೆ. 1469ರಲ್ಲಿ ಇದೇ ಮನೆತನದ ಫರ್ಡಿನಾಂಡ್, ಪಕ್ಕದ ಕ್ಯಾಸ್ಟೀಲ್ ರಾಜ್ಯದ ಇಸಬೆಲ್ಲಾ ಮದುವೆ ಆಯಿತು, ಕ್ಯಾಸ್ಟೀಲ್ ಜೊತೆ ನಂಟು ಬೆಳೆಯಿತು, ಆದರೂ ಕ್ಯಾಟಲೋನಿಯಾದ ಕಾನೂನು ಬೇರೆಯೇ ಇತ್ತು. ಆಮೇಲೆ ಸ್ಪೇನ್‌ನ ಸಿಂಹಾಸನಕ್ಕಾಗಿ ನಡೆದ ಯುದ್ಧದಲ್ಲಿ ಇವರು ಸೋಲುವ ಪಕ್ಷ ಹಿಡಿದರು. ಒಂದು ವರ್ಷಕ್ಕೂ ಜಾಸ್ತಿ ಮುತ್ತಿಗೆ ತಡೆದು, 1714ರ ಸೆಪ್ಟೆಂಬರ್ 11ರಂದು ನಗರ ಬಿತ್ತು. ಗೆದ್ದ ಐದನೇ ಫಿಲಿಪ್ ಸಾವಿರಾರು ಜನರ ಮನೆ ಕೆಡವಿಸಿ, ಅದೇ ಜಾಗದಲ್ಲಿ ಊರಿನ ಮೇಲೆ ಕಣ್ಣಿಡಲು ಕೋಟೆ ಕಟ್ಟಿಸಿದ. ಅದೇ ಸಿಯುತದೆಯಾ. ಕೋಟೆಯ ಹಳೇ ಮದ್ದುಗುಂಡಿನ ಮನೆಯಲ್ಲಿ ಈಗ ಕ್ಯಾಟಲೋನಿಯಾದ ಶಾಸನಸಭೆ ಕೂರುತ್ತದೆ, ನೋಡಿ ಹೇಗಿದೆ! ಪಕ್ಕದ ಹಳೇ ಬೋರ್ನ್ ಮಾರುಕಟ್ಟೆಯ ಕಬ್ಬಿಣದ ಚಾವಣಿಯ ಕೆಳಗೆ, ಕೆಡವಿದ ಮನೆಗಳ ಪಾಯ, ಬಾವಿ, ಚರಂಡಿ ಎಲ್ಲ ಅಗೆದು ತೆರೆದಿಟ್ಟಿದ್ದಾರೆ.

ಸೆಪ್ಟೆಂಬರ್ 11 ಇಲ್ಲಿ ನಾಡಹಬ್ಬ, ರಜೆ. ಸೋತ ದಿನವನ್ನು ಹಬ್ಬ ಮಾಡಿಕೊಂಡಿದ್ದಾರೆ ಅಂತ ಹೊಸಬರು ನಗುತ್ತಾರೆ. ಅಕ್ಕಪಕ್ಕದವರ ಮುಂದೆ ಮಾತ್ರ ನಗಬೇಡಿ. ಕ್ಯಾಟಲೋನಿಯಾ ಬೇರೆ ದೇಶ ಆಗಬೇಕಾ ಅಂತ ನಡೆದ 2017ರ ಜನಮತದ ಬಗ್ಗೆಯೂ ಅಷ್ಟೇ, ಒಂದೇ ಮನೆಯಲ್ಲಿ ಎರಡು ಅಭಿಪ್ರಾಯ ಇರುತ್ತದೆ, ಕೇಳಿಸಿಕೊಳ್ಳಿ ಸಾಕು.

ಭಾಷೆಗೆ ಮತ್ತೆ ಬರೋಣ. 1939ರಿಂದ 1975ರವರೆಗೆ, ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ, ಕ್ಯಾಟಲನ್ ಭಾಷೆ ಶಾಲೆ, ಕಚೇರಿಗಳಿಂದ ಹೊರಬಿತ್ತು, ಮನೆಯೊಳಗೆ ಉಳಿಯಿತು. ಸ್ವಾಯತ್ತತೆ 1979ರಲ್ಲಿ ಮರಳಿತು, ಶಾಲೆಗೆ ಭಾಷೆಯೂ ಮರಳಿತು. ಈ ಪ್ರೀತಿಯನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಬೆಂಗಳೂರಿನಲ್ಲಿ "ಕನ್ನಡ ಗೊತ್ತಿಲ್ಲ" ಅಂದವರ ಮೇಲೆ ಮುಖ ಸಿಂಡರಿಸಿದ ನಾವೇ ಇಲ್ಲಿ ಬಂದು "ಸ್ಪ್ಯಾನಿಷ್ ಇದ್ದರೆ ಸಾಲದಾ" ಅಂದರೆ ಚೆನ್ನಾಗಿರುವುದಿಲ್ಲ. ಮಕ್ಕಳ ಬಗ್ಗೆ ಹೆದರಬೇಡಿ. ಹೊಸದಾಗಿ ಬಂದ ಮಕ್ಕಳಿಗೆ ಭಾಷೆ ಕಲಿಸಲು ಎಷ್ಟೋ ಶಾಲೆಗಳಲ್ಲಿ 'ಸ್ವಾಗತ ತರಗತಿ' ಇರುತ್ತದೆ, ಸೇರಿಸುವಾಗಲೇ ಕೇಳಿ. ದೊಡ್ಡವರಿಗೂ ಸರ್ಕಾರದ ಭಾಷಾ ಕೇಂದ್ರಗಳಲ್ಲಿ ಆರಂಭದ ತರಗತಿ ಉಚಿತ. ನಾನು ಅಲ್ಲಿ ಕಲಿತಿದ್ದಕ್ಕಿಂತ ಬೇಕರಿಯಮ್ಮನ ಹತ್ತಿರ ಕಲಿತಿದ್ದೇ ಜಾಸ್ತಿ. "ಬೋನ್ ದಿಯಾ" ಅಂತ ಒಂದು ಸಲ ಹೇಳಿ ನೋಡಿ, ಬ್ರೆಡ್ ಕೊಡುವ ಕೈಯೇ ಬದಲಾಗುತ್ತದೆ.

ಅಕ್ಕಿ, ಬೇಳೆ, ಕರಿಬೇವು ರವಾಲ್ ಕೇರಿಯ ಪಾಕಿಸ್ತಾನಿ, ಬಾಂಗ್ಲಾ ಅಂಗಡಿಗಳಲ್ಲಿ ಸಿಗುತ್ತವೆ. ಎಬ್ರೊ ನದಿಯ ಮುಖಜ ಭೂಮಿಯಲ್ಲಿ ಬೆಳೆಯುವ ಇಲ್ಲಿನದೇ ಅಕ್ಕಿ ಗುಂಡಗಿನ ಕಾಳು, ಚಿತ್ರಾನ್ನಕ್ಕೆ ಆಗದು, ಪೊಂಗಲ್‌ಗೆ ಸೊಗಸು. ಚಳಿಗಾಲದಲ್ಲಿ ಮಕ್ಕಳಿಗೆ ಹಿಮ ತೋರಿಸಲು ಉತ್ತರದ ಪಿರೆನೀಸ್‌ಗೆ ಹೋಗಿ, ಕ್ಯಾಟಲೋನಿಯಾದ ಅತಿ ಎತ್ತರದ ಶಿಖರ ಅಲ್ಲೇ ಇದೆ, 3,143 ಮೀಟರ್.

ಪಕ್ಕದ ಮನೆಯ ಅಜ್ಜಿ "ಭಾರತದಲ್ಲಿ ಎಲ್ಲಿ? ಅನಂತಪುರದ ಹತ್ತಿರವಾ?" ಅಂದರೆ ಬೆಚ್ಚಬೇಡಿ. ಬಾರ್ಸಿಲೋನಾದಲ್ಲಿ 1920ರಲ್ಲಿ ಹುಟ್ಟಿದ ವಿಸೆಂಟೆ ಫೆರರ್ ದಶಕಗಳ ಕಾಲ ಅನಂತಪುರದ ಬಡವರ ನಡುವೆ ಕೆಲಸ ಮಾಡಿ, 2009ರಲ್ಲಿ ಅಲ್ಲೇ ತೀರಿಕೊಂಡರು. ಇಲ್ಲಿನ ಎಷ್ಟೋ ಮನೆಯವರು ಅಲ್ಲಿನ ಒಂದು ಮಗುವಿನ ಓದಿಗೆ ಹಣ ಕಳಿಸುತ್ತಾರೆ. ನಮ್ಮ ಪಕ್ಕದ ಮನೆಯ ಅಜ್ಜಿ ಫ್ರಿಜ್ಜಿನ ಮೇಲೆ ಒಂದು ಹುಡುಗಿಯ ಫೋಟೊ ಅಂಟಿಸಿಕೊಂಡಿದ್ದಾರೆ. ಪಾವಗಡದಿಂದ ಅನಂತಪುರ ಎಷ್ಟು ದೂರ ಅಂತ ಕೇಳಿದ್ದರು, ನಾನು ಫೋನ್‌ನಲ್ಲಿ ನಕಾಶೆ ತೆಗೆದು ತೋರಿಸಿದೆ.